ಬೇಸಿಗೆಯ ಹರವಿಗೆ ನೀರು ತರುವವರು



ಸುಗ್ಗಿ ಮುಗಿದಿದೆ. ರೋಣ, ನರಗುಂದ, ಗಜೇಂದ್ರಗಡಗಳ ಎರೆಹೊಲಗಳ ಬಿಳಿಜೋಳ, ಕಡಲೆ, ಕುಸುಬೆಗಳು ಮನೆ ಸೇರಿವೆ. ನೆಲವು ಅಂಗೈ ಅಗಲದ ಬಿರುಕು ಬಿಟ್ಟು ಮಳೆಯ ದಾರಿ ನೋಡುತ್ತಿದೆ. ಒಕ್ಕಲು ಮನೆತನಗಳಿಗೆ ವರ್ಷದಲ್ಲಿ ತುಸು ಬಿಡುವು ದೊರೆಯುವುದು ಈ ದಿನಗಳಲ್ಲಿಯೇ. ಮಕ್ಕಳ ಶಾಲೆಗೂ ರಜೆ. ಆದುದರಿಂದಲೇ ನಮ್ಮ ಭಾಗದಲ್ಲಿ ಯುಗಾದಿಯಿಂದ ಮೃಗಶಿರ ಮಳೆಯವರೆಗೆ ಜಾತ್ರೆ, ತೇರು, ಮದುವೆಗಳು ಒಂದರ ಬೆನ್ನಿಗೆ ಒಂದು ಬರುತ್ತವೆ. ಚೈತ್ರದಲ್ಲಿ ಗಜೇಂದ್ರಗಡದ ಬಳಿಯ ಕಾಲಕಾಲೇಶ್ವರನ ತೇರು, ಗದುಗಿನ ತೋಂಟದಾರ್ಯ ಮಠದ ಜಾತ್ರೆ. ವೈಶಾಖ ಶುದ್ಧ ತದಿಗೆಯಂದು ಬಸವ ಜಯಂತಿ. ನಡುನಡುವೆ ಊರೂರಿನ ಓಕುಳಿ, ಸಾಮೂಹಿಕ ವಿವಾಹ, ಮಕ್ಕಳ ಶಿಬಿರ. ಸೇವೆ ಮಾಡಬೇಕೆಂಬ ಮನಸ್ಸುಳ್ಳವರಿಗೆ ಕೆಲಸದ ಕೊರತೆಯಿಲ್ಲ. ಆದರೆ ಕೆಲವು ಕೆಲಸಗಳಿಗೆ ಬೇಕಾದುದಕ್ಕಿಂತ ಹೆಚ್ಚು ಕೈಗಳು ಬರುತ್ತವೆ. ಕೆಲವಕ್ಕೆ ಒಬ್ಬರೂ ಬರುವುದಿಲ್ಲ. ಈ ತಿಂಗಳು ಆ ಎರಡನೆಯ ಬಗೆಯ ಕೆಲಸಗಳನ್ನು ಕುರಿತು ಬರೆಯಬೇಕೆಂದಿದ್ದೇನೆ.

ಮೊದಲು ನನ್ನದೇ ಒಂದು ತಪ್ಪನ್ನು ಒಪ್ಪಿಕೊಳ್ಳುವುದು ಒಳ್ಳೆಯದು. ಕೆಲವು ವರ್ಷಗಳ ಹಿಂದೆ ನಾವು ಎಂಟು ಜನ ಗೆಳೆಯರು ಸೇರಿ ನಮ್ಮೂರ ಬಸ್ ನಿಲ್ದಾಣದ ಬೇವಿನ ಮರದ ಬುಡದಲ್ಲಿ ಅರವಟ್ಟಿಗೆ ಇಟ್ಟೆವು. ಎರಡು ದೊಡ್ಡ ಹರವಿಗಳು, ಅವುಗಳಿಗೆ ಮರಳಿನ ಹಾಸು, ಸುತ್ತ ಒದ್ದೆ ಗೋಣಿತಟ್ಟು, ಮೇಲೆ ತಗಡಿನ ನೆರಳು. ಹಿರಿಯರೊಬ್ಬರ ಹಸ್ತದಿಂದ ಉದ್ಘಾಟನೆಯೂ ಆಯಿತು. ನಮ್ಮ ಹೆಸರುಗಳಿದ್ದ ಬಟ್ಟೆಯ ಫಲಕವನ್ನೂ ಕಟ್ಟಿದೆವು. ಮೊದಲ ವಾರ ನೀರು ತುಂಬಲು ನಾ ಮುಂದು ತಾ ಮುಂದು ಎಂದು ಬಂದರು. ಎರಡನೆಯ ವಾರ ಒಬ್ಬರ ಮನೆಯಲ್ಲಿ ಮದುವೆ, ಮತ್ತೊಬ್ಬರಿಗೆ ಧಾರವಾಡದಲ್ಲಿ ಕೆಲಸ, ನನಗೆ ಮಾರುಕಟ್ಟೆಯ ಓಡಾಟ. ಹನ್ನೆರಡನೆಯ ದಿನ ಮಧ್ಯಾಹ್ನ ಬಸ್ಸಿಗೆ ಕಾಯುತ್ತ ನಿಂತಿದ್ದಾಗ, ತಲೆಯ ಮೇಲೆ ಸೆರಗು ಹೊದ್ದ ಒಬ್ಬ ವೃದ್ಧ ತಾಯಿ ಮೊಮ್ಮಗನನ್ನು ಕೈಹಿಡಿದುಕೊಂಡು ಬಂದು ಒಂದು ಹರವಿಯಲ್ಲಿ ಇಣುಕಿದಳು. ಇನ್ನೊಂದನ್ನು ವಾರೆ ಮಾಡಿ ನೋಡಿದಳು. ಅನಂತರ ಸಮೀಪದಲ್ಲಿದ್ದ ನನ್ನ ಕಡೆ ತಿರುಗಿ, “ಯಪ್ಪಾ, ಇದರಾಗ ನೀರಿಲ್ಲಲ್ಲ, ಹಂಗಾರ ಇಟ್ಟಾರ್ಯಾಕ?” ಎಂದು ಕೇಳಿದಳು. ನಮ್ಮ ಫಲಕವನ್ನು ಓದಲು ಆಕೆಗೆ ಬರುತ್ತಿರಲಿಲ್ಲವೆಂಬುದೊಂದೇ ನನ್ನ ಪಾಲಿನ ಸಮಾಧಾನ. ಹುಡುಗನಿಗೆ ಅಂಗಡಿಯಿಂದ ನೀರಿನ ಬಾಟಲಿ ಕೊಂಡುಕೊಟ್ಟೆನಾದರೂ ಆ ಪ್ರಶ್ನೆಗೆ ಉತ್ತರ ಹೇಳಲಾಗಲಿಲ್ಲ.

ಅರವಟ್ಟಿಗೆ ಇಲ್ಲದಿದ್ದರೆ ಬಾಯಾರಿದವರು ಮುಂದಿನ ಹೋಟೆಲಿಗೋ ನಳಕ್ಕೋ ಹೋಗುತ್ತಿದ್ದರು. ಬರಿದಾದ ಅರವಟ್ಟಿಗೆ ಅವರನ್ನು ನಂಬಿಸಿ ನಿಲ್ಲಿಸುತ್ತದೆ. ಆದ್ದರಿಂದ ಮುಂದಿನ ವರ್ಷ ನಾವು ಉದ್ಘಾಟನೆಯನ್ನು ಕೈಬಿಟ್ಟೆವು, ಫಲಕವನ್ನೂ ಕಟ್ಟಲಿಲ್ಲ. ಬದಲಾಗಿ ಏಳು ಮನೆಗಳನ್ನು ಗೊತ್ತುಮಾಡಿ, ವಾರಕ್ಕೊಂದು ದಿನದಂತೆ ಹಂಚಿದೆವು. ಯುಗಾದಿ ಬೇಗ ಬಂದ ವರ್ಷ ಮೃಗಶಿರದವರೆಗೆ 12 ವಾರಗಳಾಗುತ್ತವೆ. ತಡವಾಗಿ ಬಂದರೆ 9. ಅಂದರೆ ಒಂದು ಮನೆಗೆ ಇಡೀ ಬೇಸಿಗೆಯಲ್ಲಿ ಹೆಚ್ಚೆಂದರೆ 12 ಸರತಿ. ಸರತಿಯ ಮನೆಯವರು ಮುಂಜಾನೆ ಹರವಿಯನ್ನು ಬರಿದು ಮಾಡಿ, ತೆಂಗಿನ ನಾರಿನಿಂದ ತಿಕ್ಕಿ ತೊಳೆದು, ಶುದ್ಧೀಕರಿಸಿದ ನೀರನ್ನು ಬಟ್ಟೆಯಲ್ಲಿ ಸೋಸಿ ತುಂಬಬೇಕು. ಮಧ್ಯಾಹ್ನ ಒಂದು ಗಂಟೆಗೆ ಮತ್ತೊಮ್ಮೆ ನೋಡಬೇಕು. ಬಿಸಿಲಿನಲ್ಲಿ ಬಂದವರು ಅರ್ಧ ಲೀಟರ್ ಕುಡಿಯುತ್ತಾರೆಂದು ಲೆಕ್ಕ ಹಿಡಿದರೆ 20 ಲೀಟರಿನ ಒಂದು ಕ್ಯಾನ್ ನೀರು 40 ಜನರಿಗೆ ಮಾತ್ರ ಸಾಕು. ಸಂತೆಯ ದಿನ ಒಂದು ತಾಸಿಗೆ ಮುಗಿಯುತ್ತದೆ. ಹರವಿಯೊಳಗೆ ಯಾರೂ ಲೋಟ ಅದ್ದದಂತೆ ಉದ್ದ ಹಿಡಿಯ ಸೌಟು ಇಡುವುದು, ಇಲ್ಲವೆ ನಲ್ಲಿ ಕೂಡಿಸಿದ ಹರವಿಯನ್ನೇ ತರುವುದು ಅವಶ್ಯ. ನಮ್ಮ ಕಡೆಯ ಅನೇಕ ಕೊಳವೆ ಬಾವಿಗಳ ನೀರು ಸವುಳು. ಆ ನೀರನ್ನು ತುಂಬಿದರೆ ಬಾಯಾರಿದವರೂ ಒಂದು ಗುಟುಕು ಕುಡಿದು ಉಗುಳುತ್ತಾರೆ.

ಯುಗಾದಿಗೆ ಮೊದಲು ಶ್ರೀಶೈಲಕ್ಕೆ ಕಾಲ್ನಡಿಗೆಯಲ್ಲಿ ಹೊರಡುವ ಭಕ್ತರಿಗೆ ನಮ್ಮ ಹಳ್ಳಿಗಳ ಜನರು ಮಾಡುವ ಉಪಚಾರ ಎಲ್ಲರಿಗೂ ತಿಳಿದುದೇ. ಅವರಿಗೆ ಅನ್ನ, ಮಜ್ಜಿಗೆ, ಕಾಲಿಗೆ ಎಣ್ಣೆ, ಬಿಸಿನೀರು ಯಾವುದಕ್ಕೂ ಕೊರತೆಯಾಗುವುದಿಲ್ಲ. ಆದರೆ ಬಿಸಿಲಿಗೆ ಅಂಜಿ ಅವರು ನಡೆಯುವುದು ರಾತ್ರಿ ಮತ್ತು ನಸುಕಿನಲ್ಲಿ. ಲಾರಿಗಳು ಓಡುವ ರಸ್ತೆಯಲ್ಲಿ. ಪಾದಯಾತ್ರಿಕರ ಚೀಲದ ಹಿಂಬದಿಗೆ ಬೆಳಕು ಬಿದ್ದರೆ ಹೊಳೆಯುವ ಪಟ್ಟಿಯನ್ನು ಅಂಟಿಸುವ ಕೆಲಸವನ್ನು ಕಾಲೇಜಿನ ಹುಡುಗರು ವಹಿಸಿಕೊಂಡರೆ ಎಷ್ಟೋ ಜೀವಗಳು ಉಳಿದಾವು. ಹತ್ತು ಅಂಗುಲದ ಪಟ್ಟಿಗೆ ತಗಲುವ ಖರ್ಚು ಒಂದು ಚಹದ ಖರ್ಚಿಗಿಂತ ಹೆಚ್ಚಲ್ಲ.

ಇನ್ನು ದಾಸೋಹದ ಮಾತು. ಜಾತ್ರೆಯ ಪ್ರಸಾದ ನಿಲಯದಲ್ಲಿ ಬಡಿಸಲು ನಿಲ್ಲುವವರ ಸಾಲು ದೊಡ್ಡದು. ಪಾತ್ರೆ ತೊಳೆಯುವ ಕಟ್ಟೆಯ ಬಳಿ ಹೋಗಿ ನೋಡಿ, ಅಲ್ಲಿ ನಾಲ್ಕೈದು ತಾಯಂದಿರಷ್ಟೇ ಇರುತ್ತಾರೆ. ಬಡಿಸುವವರಿಗೆ ಹೊಸ ಶಲ್ಯ, ಎದೆಗೆ ಬಿಲ್ಲೆ. ತೊಳೆಯುವವರಿಗೆ ಬೂದಿ ಮತ್ತು ಬಿಸಿಲು. ನಮ್ಮದೇ ಜಿಲ್ಲೆಯ ಡಂಬಳದಲ್ಲಿ ತೋಂಟದಾರ್ಯ ಮಠದ ಜಾತ್ರೆಯ ಮರುದಿನ ನಡೆಯುವ ರೊಟ್ಟಿ ಜಾತ್ರೆಯು ಈ ವಿಷಯದಲ್ಲಿ ನನಗೆ ಬಹಳ ಪ್ರಿಯವಾದುದು. ಅಲ್ಲಿ ಹಲವು ಮನೆಗಳ, ಹಲವು ಜಾತಿಮತಗಳ ಹೆಣ್ಣುಮಕ್ಕಳು ತಂತಮ್ಮ ಒಲೆಗಳ ಮುಂದೆ ಕುಳಿತು ಬಡಿದ ಜೋಳದ ಖಡಕ್ ರೊಟ್ಟಿಗಳು ಒಂದೇ ರಾಶಿಗೆ ಬಂದು ಬೀಳುತ್ತವೆ. ರಾಶಿಯಲ್ಲಿ ಯಾವ ರೊಟ್ಟಿ ಯಾರದೆಂದು ಹೇಳುವವರಿಲ್ಲ. ಕರಿಂಡಿಯೊಡನೆ ತಿನ್ನುವವರು ಕೇಳುವುದೂ ಇಲ್ಲ.

ಎಲೆಯಲ್ಲಿ ಬಿಟ್ಟ ಅನ್ನದ ಬಗೆಗೂ ಒಂದು ಮಾತು ಹೇಳಲೇಬೇಕು. ಆಯ್ದಕ್ಕಿ ಮಾರಯ್ಯ ಲಕ್ಕಮ್ಮ ದಂಪತಿಗಳ ಕಥೆಯನ್ನು ನಮ್ಮ ಮನೆಗಳಲ್ಲಿ ಕೇಳದವರಾರು? ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುತ್ತಿದ್ದ ಮಾರಯ್ಯನು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ, ನಮಗೆ ಇಷ್ಟು ಬೇಡವೆಂದು ಲಕ್ಕಮ್ಮ ಅದನ್ನು ಹಿಂದಿರುಗಿಸಿ ಬರಲು ಹೇಳಿದಳು. ಈ ಕಥೆಯನ್ನು ವೇದಿಕೆಯ ಮೇಲೆ ಸೊಗಸಾಗಿ ಹೇಳಿ, ಕೆಳಗಿಳಿದು ಬಂದು ಅರ್ಧ ಎಲೆ ಬಿಟ್ಟು ಏಳುವವರನ್ನು ನಾನು ಕಂಡಿದ್ದೇನೆ. ಬಡಿಸುವವರು ಮೊದಲ ಸಲ ಅರ್ಧ ಸೌಟು ಹಾಕಿ ಎರಡನೆಯ ಸಲ ಕೇಳಿಕೊಂಡು ಬರುವ ಪದ್ಧತಿ ಇಟ್ಟರೆ ಸಾಕು, ಕೊಪ್ಪರಿಗೆಗಟ್ಟಲೆ ಅನ್ನ ಉಳಿಯುತ್ತದೆ. ಉಳಿದುದನ್ನು ಸಂಜೆಯೊಳಗೆ ವಸತಿ ನಿಲಯಕ್ಕೋ ದನಗಳ ಗೋದಲೆಗೋ ಮುಟ್ಟಿಸಲು ಇಬ್ಬರು ಯುವಕರು, ಒಂದು ಟಂಟಂ ಗಾಡಿ ಬೇಕು. ಬೇಸಿಗೆಯ ಸೆಕೆಯಲ್ಲಿ ಅನ್ನ ಬೇಗ ಹಳಸುವುದರಿಂದ ಮರುದಿನದವರೆಗೆ ಇಟ್ಟು ಯಾರಿಗೂ ಕೊಡಬಾರದು.

ಬಸವ ಜಯಂತಿಯನ್ನು ಸಾರ್ವಜನಿಕವಾಗಿ ಆಚರಿಸುವ ಪದ್ಧತಿಯನ್ನು 1913ರಲ್ಲಿ ದಾವಣಗೆರೆಯಲ್ಲಿ ಹರ್ಡೇಕರ ಮಂಜಪ್ಪನವರು ಆರಂಭಿಸಿದರು. ಇಂದು ಅದು ನಮ್ಮ ಪ್ರತಿಯೊಂದು ಊರಿನ ಹಬ್ಬವಾಗಿದೆ. ಆದರೆ ಅದೇ ದಿನ ಅಕ್ಷಯ ತದಿಗೆಯೂ ಹೌದು. ಮುಹೂರ್ತ ನೋಡಬೇಕಾಗಿಲ್ಲವೆಂದು ಆ ದಿನ ಮದುವೆಗಳು ಗುಂಪುಗುಂಪಾಗಿ ನಡೆಯುತ್ತವೆ. ಆ ಗುಂಪಿನಲ್ಲಿ ವಯಸ್ಸು ತುಂಬದ ಹೆಣ್ಣುಮಕ್ಕಳ ಕೊರಳಿಗೂ ತಾಳಿ ಬೀಳುವುದುಂಟು. ಹೆಣ್ಣುಗಂಡೆಂಬ ಭೇದವಿಲ್ಲದೆ ಅರಿವಿನ ಬಾಗಿಲು ತೆರೆದ ಮಹಾತ್ಮನ ಭಾವಚಿತ್ರದ ಮೆರವಣಿಗೆ ಒಂದು ಬೀದಿಯಲ್ಲಿ, ಒಂಬತ್ತನೆಯ ತರಗತಿಯ ಹುಡುಗಿಯ ಅರಿಷಿಣ ಮತ್ತೊಂದು ಬೀದಿಯಲ್ಲಿ. ಇದನ್ನು ನೋಡಿಯೂ ನೋಡದಂತೆ ಇರುವುದು ನಮಗೆ ಶೋಭೆಯಲ್ಲ.

2006ರ ಬಾಲ್ಯವಿವಾಹ ನಿಷೇಧ ಕಾಯಿದೆಯ ಪ್ರಕಾರ ಹುಡುಗಿಗೆ 18, ಹುಡುಗನಿಗೆ 21 ವರ್ಷ ತುಂಬಿರಬೇಕು. ಕರ್ನಾಟಕದ ತಿದ್ದುಪಡಿಯಂತೆ ಇಂಥ ಮದುವೆಯು ಮೊದಲಿನಿಂದಲೇ ಅಸಿಂಧು. ಶಿಕ್ಷೆ ತಂದೆತಾಯಿಗಳಿಗಷ್ಟೇ ಅಲ್ಲ, ಮದುವೆ ನಡೆಸಿಕೊಟ್ಟವರಿಗೂ ಉಂಟು. ಎರಡು ವರ್ಷಗಳವರೆಗೆ ಕಠಿಣ ಸಜೆ, ಒಂದು ಲಕ್ಷ ರೂಪಾಯಿಗಳವರೆಗೆ ದಂಡ. ಸಾಮೂಹಿಕ ವಿವಾಹ ಸಮಿತಿಯವರು ಇದನ್ನು ಮರೆಯಬಾರದು. ಇಲ್ಲಿ ಬೇಕಾಗಿರುವ ಸ್ವಯಂಸೇವಕರು ಬಹಳವೇನಲ್ಲ: ನೋಂದಣಿಯ ಮೇಜಿನ ಮುಂದೆ ಕುಳಿತು, ಜನನ ಪ್ರಮಾಣಪತ್ರವನ್ನೋ ಶಾಲೆಯ ದಾಖಲೆಯನ್ನೋ ಕಣ್ಣಾರೆ ನೋಡಿ, ಸರಿಯಿಲ್ಲದಿದ್ದರೆ ಇಲ್ಲವೆನ್ನಬಲ್ಲ ಇಬ್ಬರು ಗಟ್ಟಿಗರು. ಆಧಾರ್ ಕಾರ್ಡಿನಲ್ಲಿರುವ ಜನ್ಮದಿನಾಂಕವೊಂದನ್ನೇ ನಂಬುವಂತಿಲ್ಲ.

ನನಗೆ ಪರಿಚಯದ ನಿವೃತ್ತ ಶಿಕ್ಷಕಿಯೊಬ್ಬರು ಇಂಥ ಮೇಜಿನ ಮುಂದೆ ಮೂರು ವರ್ಷ ಕುಳಿತರು. ಎರಡನೆಯ ವರ್ಷ ಬಂದ ಅರ್ಜಿಯೊಂದು ಅವರ ಬೀಗರ ಕಡೆಯದೇ. ಹುಡುಗಿಗೆ 16 ವರ್ಷ, ಎಂಟು ತಿಂಗಳು. “ಅಕ್ಕಾರ, ನೀವೇ ಹಿಂಗ ಮಾಡಿದ್ರ ಹೆಂಗ್ರಿ?” ಎಂದು ತಂದೆ ಕೈಮುಗಿದನಂತೆ. ತಾಯಿಲ್ಲದ ಮಗು, ಸಾಲದ ಮನೆ. ಅವನ ಕಷ್ಟವೂ ಸುಳ್ಳಲ್ಲ. ಶಿಕ್ಷಕಿಯವರು ಅರ್ಜಿಯನ್ನು ಹಿಂದಿರುಗಿಸಿ, ಅದೇ ವಾರ ಆ ಹುಡುಗಿಯನ್ನು ಹಿಂದುಳಿದ ವರ್ಗಗಳ ವಸತಿ ನಿಲಯಕ್ಕೆ ಸೇರಿಸುವ ಅರ್ಜಿಯನ್ನು ತಾವೇ ತುಂಬಿಕೊಟ್ಟರು. ಎರಡು ವರ್ಷ ಬೀಗರು ಮಾತು ಬಿಟ್ಟರು. ಆ ಎರಡು ವರ್ಷಗಳ ಮೌನವನ್ನು ನುಂಗಿಕೊಳ್ಳುವುದು ಪ್ರಸಾದ ಬಡಿಸುವುದಕ್ಕಿಂತ ಕಷ್ಟದ ಸೇವೆಯೆಂದು ನನಗೆ ಅನಿಸುತ್ತದೆ. ಎಲ್ಲಿಯಾದರೂ ಇಂಥ ಸಿದ್ಧತೆ ಕಿವಿಗೆ ಬಿದ್ದರೆ 1098 ಮಕ್ಕಳ ಸಹಾಯವಾಣಿಗೆ ತಿಳಿಸಬಹುದು. ತಹಶೀಲ್ದಾರರಿಗೆ, ಗ್ರಾಮ ಪಂಚಾಯತಿಯ ಅಭಿವೃದ್ಧಿ ಅಧಿಕಾರಿಗಳಿಗೆ ಹೇಳಬಹುದು.

ರಕ್ತದಾನದ ವಿಷಯ ಚಿಕ್ಕದು, ಆದರೆ ಇಲ್ಲಿಯೂ ಅದೇ ತೊಡಕು. ಜಯಂತಿಯ ದಿನ ಶಿಬಿರ ಮಾಡಿ ಒಮ್ಮೆಗೇ ನೂರಾರು ಬಾಟಲಿ ಸಂಗ್ರಹಿಸುತ್ತೇವೆ. ಸಂಗ್ರಹಿಸಿದ ರಕ್ತ 35ರಿಂದ 42 ದಿನ ಮಾತ್ರ ಬಾಳುತ್ತದೆ. ಅದರಿಂದ ಬೇರ್ಪಡಿಸಿದ ಪ್ಲೇಟ್‌ಲೆಟ್ಟುಗಳಿಗೆ ಐದೇ ದಿನ ಆಯುಷ್ಯ. ಕಾಲೇಜುಗಳಿಗೆ ರಜೆಯಿರುವ ಮೇ ತಿಂಗಳಲ್ಲಿ ದಾನಿಗಳು ಕಡಿಮೆ. ಆದ್ದರಿಂದ 18ರಿಂದ 65 ವರ್ಷದೊಳಗಿನ, ಕನಿಷ್ಠ 45 ಕಿಲೋ ತೂಕವುಳ್ಳ ಆರೋಗ್ಯವಂತರ ಪಟ್ಟಿ ಮಾಡಿಕೊಂಡು, ಗದಗಿನ ರಕ್ತನಿಧಿ ಕೇಳಿದಾಗ ನಾಲ್ಕು ನಾಲ್ಕು ಜನರಂತೆ ಕಳುಹಿಸುವುದು ಹೆಚ್ಚು ಉಪಯುಕ್ತ. ಗಂಡಸರು ಮೂರು ತಿಂಗಳಿಗೊಮ್ಮೆ, ಹೆಂಗಸರು ನಾಲ್ಕು ತಿಂಗಳಿಗೊಮ್ಮೆ ಕೊಡಬಹುದು.

ನೀರಿನ ಮಾತಿಗೇ ಮರಳುತ್ತೇನೆ. ಗಜೇಂದ್ರಗಡಕ್ಕೆ ಸಮೀಪದ ಸೂಡಿಯನ್ನು ಕಾಣದವರು ಈ ರಜೆಯಲ್ಲಿ ಮಕ್ಕಳನ್ನು ಕರೆದುಕೊಂಡು ಹೋಗಿಬರಬೇಕು. ಕಲ್ಯಾಣ ಚಾಲುಕ್ಯರ ಕಾಲದಲ್ಲಿ ಅಲ್ಲಿ ನಾಣ್ಯ ಮುದ್ರಿಸುವ ಟಂಕಸಾಲೆಯಿತ್ತು. ಕಿಸುಕಾಡನ್ನು ಆಳಿದ ವೀರರಾಣಿ ಅಕ್ಕಾದೇವಿಯ ಹೆಸರು ಅಲ್ಲಿಯ ಶಾಸನಗಳಲ್ಲಿದೆ. ಜೋಡು ಕಳಸದ ಗುಡಿಯನ್ನು ಕಟ್ಟಿಸಿದ ದಂಡನಾಯಕ ನಾಗದೇವನ ಹೆಸರಿನೊಂದಿಗೆ ಬೆಸೆದುಕೊಂಡಿರುವ ನಾಗಕುಂಡದ ಮೆಟ್ಟಿಲುಗಳನ್ನು ಇಳಿದರೆ ಮಧ್ಯಾಹ್ನದಲ್ಲಿಯೂ ಮೈ ತಂಪಾಗುತ್ತದೆ. ಬಹುಕಾಲ ಹಾಳುಬಿದ್ದಿದ್ದ ಈ ಕುಂಡವನ್ನು ಈಚಿನ ವರ್ಷಗಳಲ್ಲಿ ಪುರಾತತ್ವ ಇಲಾಖೆ ಮತ್ತು ಡೆಕ್ಕನ್ ಹೆರಿಟೇಜ್ ಫೌಂಡೇಶನ್ ಸೇರಿ ಜೀರ್ಣೋದ್ಧಾರಗೊಳಿಸಿವೆ. ನೆರೆಯ ಕೊಪ್ಪಳದಲ್ಲಿ 2019ರ ಬೇಸಿಗೆಯಲ್ಲಿ ಗವಿಮಠದ ಗವಿಸಿದ್ಧೇಶ್ವರ ಸ್ವಾಮಿಗಳು ಜನರನ್ನು ಕೂಡಿಕೊಂಡು ಹಿರೇಹಳ್ಳವನ್ನು ಶುಚಿಗೊಳಿಸಿದ್ದು ನಮ್ಮ ಕಣ್ಣ ಮುಂದಿನ ಮಾತು.

ನಮ್ಮ ಊರುಗಳಲ್ಲಿಯೂ ಬಾವಿ, ಹೊಂಡ, ಕೆರೆಗಳಿಗೇನು ಬರಗಾಲವಿಲ್ಲ. ಹೂಳೆತ್ತಲು ಚೈತ್ರ ವೈಶಾಖಗಳೇ ತಕ್ಕ ಸಮಯ. ಎತ್ತಿದ ಗೋಡುಮಣ್ಣನ್ನು ಹೊಲಕ್ಕೆ ಹೇರಿಕೊಳ್ಳಲು ರೈತರೇ ಟ್ರ್ಯಾಕ್ಟರ್ ತರುತ್ತಾರೆ. ಒಂದೇ ಎಚ್ಚರಿಕೆ: ಹಳೆಯ ಗುಡಿ, ಹೊಂಡಗಳಲ್ಲಿ ಉತ್ಸಾಹದಿಂದ ಸುಣ್ಣಬಣ್ಣ ಬಳಿಯಬಾರದು, ತಂತಿಯ ಬ್ರಷ್ಷಿನಿಂದ ಕಲ್ಲು ತಿಕ್ಕಬಾರದು. ಶಾಸನದ ಅಕ್ಷರಗಳು ಭಕ್ತರ ಸುಣ್ಣದ ಕೆಳಗೆ ಮುಚ್ಚಿಹೋಗಿರುವುದನ್ನು ಅನೇಕ ಕಡೆ ಕಾಣಬಹುದು. ಇಲಾಖೆಯವರನ್ನು ಕೇಳಿಯೇ ಕೈಹಚ್ಚುವುದು ಲೇಸು. ಸುತ್ತಲಿನ ಜಾಲಿಕಂಟಿ ಕಡಿಯಲು, ಕಸ ಎತ್ತಲು ಕೇಳಿದರೆ ಅವರು ಬೇಡವೆನ್ನಲಾರರು.

ಬೇಸಿಗೆಯ ಶಿಬಿರ ನಡೆಸುವವರಿಗೆ ಒಂದು ಸೂಚನೆ. ವಚನ ಕಂಠಪಾಠದ ಸ್ಪರ್ಧೆಗಳು ಸಾಕಷ್ಟಿವೆ. ಫ. ಗು. ಹಳಕಟ್ಟಿಯವರು ವಿಜಯಪುರದಲ್ಲಿ ವಕೀಲರಾಗಿದ್ದುಕೊಂಡು ಮನೆಮನೆಯ ತಾಳೆಗರಿಗಳನ್ನು ಕೂಡಿಸಿ 1923ರಲ್ಲಿ ವಚನಶಾಸ್ತ್ರಸಾರವನ್ನು ಹೊರತಂದರು. ಆ ದಾರಿಯಲ್ಲಿ ಮಕ್ಕಳು ಒಂದು ಹೆಜ್ಜೆ ಇಡಲಿ: ತಮ್ಮ ಅಜ್ಜಿ ಹಾಡುವ ಬೀಸುವ ಪದ, ಸೋಬಾನೆ, ಅಜ್ಜನ ಹಂತಿಯ ಹಾಡುಗಳನ್ನು ಮೊಬೈಲಿನಲ್ಲಿ ಹಿಡಿದು, ನೋಟುಪುಸ್ತಕದಲ್ಲಿ ಬರೆದು, ಹಾಡಿದವರ ಹೆಸರು, ಊರು, ದಿನಾಂಕ ನಮೂದಿಸಲಿ. ಗ್ರಾಮ ಪಂಚಾಯತಿಯ ಗ್ರಂಥಾಲಯಗಳಲ್ಲಿ ಅದರ ಒಂದು ಪ್ರತಿ ಇಡಬಹುದು. ಅಜ್ಜಿಯರು ಮೊದಲು ನಾಚಿಕೊಂಡು ಒಲ್ಲೆನೆಂದಾರು. ಮೊಮ್ಮಕ್ಕಳು ಎರಡನೆಯ ಸಲ ಕೇಳಬೇಕು.

ಈ ಅಂಕಣ ಬರೆಯುವ ಹೊತ್ತಿಗೆ ನಮ್ಮ ಬೇವಿನ ಮರದಡಿಯ ಹರವಿಗಳನ್ನು ಹೊಸದಾಗಿ ತಂದು ನೀರಿನಲ್ಲಿ ನೆನೆಯಿಟ್ಟಿದ್ದೇವೆ. ಆರು ಮನೆಗಳು ಒಪ್ಪಿವೆ. ಗುರುವಾರ ಸಂತೆಯ ದಿನವಾದುದರಿಂದ ಎಲ್ಲರೂ ಅದನ್ನು ಬಿಟ್ಟು ಉಳಿದ ದಿನಗಳನ್ನು ಆರಿಸಿಕೊಂಡಿದ್ದಾರೆ. ನಾಳೆ ಸಂಜೆ ಅಗಸಿಯ ಬಳಿ ಕುಳಿತು ಗುರುವಾರದ ಮನೆಯನ್ನು ಗೊತ್ತುಮಾಡಬೇಕಾಗಿದೆ.