ಮೇಲಿರುವ ಕೊಡಲಿ, ಅಡಿಯಲ್ಲಿರುವ ಹಗ್ಗ

ಕಲಬುರಗಿ, ಬೀದರ ಕಡೆಯಿಂದ ರೈಲಿನಲ್ಲಿ ಹೈದರಾಬಾದಿಗೆ ಹೋಗುವವರಿಗೆ ನಾಂಪಲ್ಲಿ ಹೊಸ ಹೆಸರೇನಲ್ಲ. ಸ್ಟೇಷನ್ನಿನಿಂದ ನಡೆದು ಹೋಗುವಷ್ಟು ದೂರದಲ್ಲಿ ಪಬ್ಲಿಕ್ ಗಾರ್ಡನ್ಸ್ ಇದೆ. ಹಳಬರಿಗೆ ಅದು ಬಾಗ್-ಎ-ಆಮ್. 1938ರಲ್ಲಿ ಮೊದಲ ನುಮಾಯಿಷ್ ನಡೆದದ್ದು ಅಲ್ಲಿಯೇ. ಇನ್ನೊಂದು ದಿಕ್ಕಿಗೆ ಅಫ್ಜಲ್‌ಗಂಜಿನ ಉಸ್ಮಾನಿಯಾ ಆಸ್ಪತ್ರೆಯ ಆವರಣದಲ್ಲಿ ಒಂದು ಹುಣಸೆ ಮರವಿದೆ. 1908ರ ಸೆಪ್ಟೆಂಬರ್ 28ರಂದು ಮೂಸಿ ನದಿ ಉಕ್ಕಿದಾಗ ಸುಮಾರು 150 ಜನ ಅದರ ಕೊಂಬೆ ಹಿಡಿದು ಜೀವ ಉಳಿಸಿಕೊಂಡರು. ಮರಕ್ಕೆ ಋಣಿಯಾಗಿರಬೇಕಾದ ಊರು ಯಾವುದಾದರೂ ಇದ್ದರೆ ಅದು ಇದು.

ಹೀಗಿದ್ದೂ ಮರದ ಮಾತು ಬಂದಾಗಲೆಲ್ಲ ಚರ್ಚೆ ನೇರ ಕಾನೂನಿಗೆ ಹೋಗಿ ನಿಲ್ಲುತ್ತದೆ. ತೆಲಂಗಾಣದವರು 2002ರ ವಾಲ್ಟಾ ಕಾಯ್ದೆಯ ಹೆಸರು ಹೇಳುತ್ತಾರೆ, ಕರ್ನಾಟಕದವರು 1976ರ ಮರ ಸಂರಕ್ಷಣಾ ಕಾಯ್ದೆಯ ಹೆಸರು ಹೇಳುತ್ತಾರೆ. ಎರಡೂ ಬೇಕು. ಆದರೆ ಮರ ಕಡಿಯಲು ಯಾರ ಅನುಮತಿ ಬೇಕು ಎಂಬುದನ್ನು ಕಾನೂನು ಹೇಳಬಲ್ಲದು. ಅನುಮತಿ ಸಿಕ್ಕ ಕೊಂಬೆಯನ್ನು ಹೇಗೆ ಕತ್ತರಿಸುತ್ತಾರೆ, ಕತ್ತರಿಸುವವನು ಸಂಜೆ ಮನೆ ಸೇರುತ್ತಾನೋ ಇಲ್ಲವೋ ಎಂಬುದು ಬೇರೆಡೆ ತೀರ್ಮಾನವಾಗುತ್ತದೆ. ಆ ಜಾಗ ಗಾಡಿಯ ಹಿಂಭಾಗ.

ಮಳೆಗಾಲಕ್ಕೆ ಮುಂಚೆ ಕೊಂಬೆ ಸವರಲು ಬರುವುದು ಹೆಚ್ಚಾಗಿ ಬಾಡಿಗೆಯ ಛೋಟಾ ಹಾಥಿ. ಟಾಟಾ ಕಂಪನಿ 2005ರಲ್ಲಿ ರಸ್ತೆಗೆ ಬಿಟ್ಟ ಏಸ್ ಗಾಡಿಗೆ ಜನ ಇಟ್ಟ ಹೆಸರು ಅದು. ಹಿಂದಿನ ತೊಟ್ಟಿ ಸುಮಾರು 7 ಅಡಿ ಉದ್ದ, 5 ಅಡಿ ಅಗಲ. ಬೆಳಿಗ್ಗೆ ಅದರೊಳಗೆ ಹಗ್ಗ, ಬೆಲ್ಟು, ಕೈಗರಗಸ, ಚೈನ್‌ಸಾ, ಪೆಟ್ರೋಲ್ ಕ್ಯಾನು, ಕೊಡಲಿ ಎಲ್ಲವನ್ನೂ ಒಟ್ಟಿಗೆ ಎಸೆಯುತ್ತಾರೆ. ಮೊದಲ ಮರದ ಕೊಂಬೆಗಳು ಇವುಗಳ ಮೇಲೇ ಬೀಳುತ್ತವೆ. ಎರಡನೆಯ ಮರದ ಹತ್ತಿರ ಗಾಡಿ ನಿಂತಾಗ ಹಗ್ಗ ಮತ್ತು ಬೆಲ್ಟು ಅರ್ಧ ಟನ್ ಸೊಪ್ಪಿನ ಅಡಿಯಲ್ಲಿರುತ್ತವೆ. ಕೈಗೆ ಸಿಗುವುದು ಮೇಲಿರುವ ಕೊಡಲಿ. ಮರ ಹತ್ತುವುದು ಬರಿಗೈ, ಬರಿಗಾಲು. ಆಮೇಲೆ ಯಾರಾದರೂ ಬಿದ್ದರೆ "ಬೆಲ್ಟು ಕೊಟ್ಟಿದ್ದೆವು, ಅವನೇ ಕಟ್ಟಿಕೊಳ್ಳಲಿಲ್ಲ" ಎಂಬ ಮಾತು ಸಿದ್ಧವಾಗಿರುತ್ತದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಇಲ್ಲಿ ನೆಲ ನಿಜವಾಗಿಯೂ ಡೊಂಕಾಗಿದೆ, ಬೈಗುಳ ಮಾತ್ರ ಕುಣಿಯುವವನಿಗೆ.

ಮರಕ್ಕೆ ಆಗುವ ಪೆಟ್ಟೂ ಇಲ್ಲಿಂದಲೇ ಶುರು. ದೊಡ್ಡ ಕೊಂಬೆಯನ್ನು ಮೂರು ಕೊಯ್ತದಲ್ಲಿ ತೆಗೆಯಬೇಕು. ಕಾಂಡದಿಂದ ಒಂದಡಿ ಆಚೆ ಕೆಳಗಿನಿಂದ ಸ್ವಲ್ಪ ಕೊಯ್ಯುವುದು ಮೊದಲನೆಯದು. ಅದಕ್ಕಿಂತ ತುಸು ಹೊರಗೆ ಮೇಲಿನಿಂದ ಕೊಯ್ದು ಭಾರ ಇಳಿಸುವುದು ಎರಡನೆಯದು. ಕೊಂಬೆಯ ಬುಡದ ಉಬ್ಬನ್ನು ಮುಟ್ಟದೆ ಉಳಿದ ಮೋಟನ್ನು ತೆಗೆಯುವುದು ಮೂರನೆಯದು. ಆ ಉಬ್ಬು ಉಳಿದರೆ ಮರ ತನ್ನ ಗಾಯವನ್ನು ತಾನೇ ಮುಚ್ಚಿಕೊಳ್ಳುತ್ತದೆ. ಅಮೆರಿಕದ ಅರಣ್ಯ ಇಲಾಖೆಯ ವಿಜ್ಞಾನಿ ಅಲೆಕ್ಸ್ ಶೈಗೊ ಸಾವಿರಾರು ಮರಗಳನ್ನು ಸೀಳಿ ನೋಡಿ 1970ರ ದಶಕದಲ್ಲಿ ತೋರಿಸಿಕೊಟ್ಟದ್ದು ಇದನ್ನೇ: ಮರ ಕೊಳೆತ ಭಾಗವನ್ನು ಒಳಗೇ ಗೋಡೆ ಕಟ್ಟಿ ತಡೆಯುತ್ತದೆ. ಕೊಡಲಿಯಲ್ಲಿ ಮೂರು ಕೊಯ್ತ ಆಗುವುದಿಲ್ಲ. ಮೇಲಿನಿಂದ ಕಡಿದಾಗ ಕೊಂಬೆ ತನ್ನ ಭಾರಕ್ಕೇ ಮುರಿದು, ಕಾಂಡದ ತೊಗಟೆಯನ್ನು ಉದ್ದಕ್ಕೂ ಸೀಳಿಕೊಂಡು ಬೀಳುತ್ತದೆ. ಆ ಸೀಳಿನಲ್ಲಿ ನೀರು ನಿಲ್ಲುತ್ತದೆ, ಅಣಬೆ ಬೆಳೆಯುತ್ತದೆ. ಕೆಲವು ವರ್ಷಗಳ ನಂತರ ಗಾಳಿಗೆ ಮರ ಉರುಳಿದಾಗ "ಮುದಿ ಮರ" ಎಂದು ವರದಿಯಾಗುತ್ತದೆ.

ಹಗ್ಗದ ಕಥೆ ಇನ್ನೂ ಕೆಟ್ಟದ್ದು. ಬ್ಯಾಟರಿಯ ಆಸಿಡ್ ತಾಗಿದ ನೈಲಾನ್ ಹಗ್ಗ ಹೊರಗೆ ಏನೂ ತೋರಿಸದೆ ಒಳಗೆ ಸೋತಿರುತ್ತದೆ. ಬಿಸಿಲೂ ಅದನ್ನು ದಿನದಿನಕ್ಕೆ ತಿನ್ನುತ್ತದೆ. ಚೈನ್‌ಸಾದಿಂದ ಸೋರಿದ ಎಣ್ಣೆ ಹೀರಿದ ಹಗ್ಗಕ್ಕೆ ಮರಳು, ಮರದ ಹೊಟ್ಟು ಅಂಟಿ ಎಳೆಗಳನ್ನು ಒಳಗಿನಿಂದ ಉಜ್ಜುತ್ತವೆ. ಅಂದರೆ ಎಲ್ಲವನ್ನೂ ಒಂದೇ ತೊಟ್ಟಿಗೆ ಎಸೆಯುವ ಗಾಡಿಯಲ್ಲಿ, ನಿಯಮ ಪಾಲಿಸಿ ಹಗ್ಗ ಕಟ್ಟಿಕೊಂಡವನೂ ಸುರಕ್ಷಿತನಲ್ಲ.

ಪರಿಹಾರಕ್ಕೆ ವಿದೇಶದ ಯಂತ್ರ ಬೇಕಿಲ್ಲ, ಒಬ್ಬ ಒಳ್ಳೆಯ ವೆಲ್ಡರ್ ಸಾಕು. ಕ್ಯಾಬಿನ್ನಿಗೆ ತಾಗಿಸಿ ಒಂದೂವರೆ ಅಡಿ ಆಳದ ತಗಡಿನ ಪೆಟ್ಟಿಗೆ. ಅದರ ಬಾಗಿಲು ಪಕ್ಕಕ್ಕೆ ತೆರೆಯಬೇಕು. ಮೇಲಿನ ಮುಚ್ಚಳವಾದರೆ ಅದರ ಮೇಲೆ ಕೊಂಬೆ ಬೀಳುವುದು ಖಂಡಿತ. ತೆರೆಯುವ ಬದಿ ಎಡಗಡೆ, ಫುಟ್‌ಪಾತಿನ ಕಡೆ ಇರಬೇಕು. ಗರಗಸ ತೆಗೆಯಲು ಹೋದವನಿಗೆ ಬಸ್ಸು ಗುದ್ದಬಾರದು. ಮೇಲಿನ ಅರೆಯಲ್ಲಿ ಹಗ್ಗ, ಬೆಲ್ಟು, ಹೆಲ್ಮೆಟ್ ಮಾತ್ರ. ಕೆಳಗೆ ಗರಗಸಗಳು, ಕವಚ ಹಾಕಿದ ಚೈನ್‌ಸಾ, ಅದರ ಪಕ್ಕದಲ್ಲೇ ಅರ. ಅರ ಕಣ್ಣಿಗೆ ಬಿದ್ದರೆ ಮಾತ್ರ ಯಾರಾದರೂ ಚೈನ್ ಮಸೆಯುತ್ತಾರೆ. ಪೆಟ್ರೋಲ್ ಕ್ಯಾನಿಗೆ ಹಿಂದಿನ ಮೂಲೆಯಲ್ಲಿ ಪ್ರತ್ಯೇಕ ಜಾಲರಿ ಗೂಡು. ಪೆಟ್ರೋಲಿನ ಆವಿ ಗಾಳಿಗಿಂತ ಭಾರ, ತಳದಲ್ಲಿ ಕೂರುತ್ತದೆ. ಆದ್ದರಿಂದ ಮುಚ್ಚಿದ ಪೆಟ್ಟಿಗೆಯಲ್ಲಿ ಅದಕ್ಕೆ ಜಾಗವಿಲ್ಲ. ಪೆಟ್ಟಿಗೆಯ ಒಳಗೋಡೆಯ ಮೇಲೆ ಪ್ರತಿ ಸಲಕರಣೆಯ ಆಕಾರವನ್ನು ಬಣ್ಣದಲ್ಲಿ ಬರೆದಿಟ್ಟರೆ, ಓದು ಬಾರದವನಿಗೂ ಸಂಜೆ ಯಾವುದು ಮರದ ಮೇಲೆಯೇ ಉಳಿಯಿತೆಂದು ಗೊತ್ತಾಗುತ್ತದೆ.

ಗುತ್ತಿಗೆದಾರರ ಬಳಿ ಇದಕ್ಕೆ ಉತ್ತರಗಳು ಸಿದ್ಧವಿವೆ. ಗಾಡಿ ಬಾಡಿಗೆಯದು, ಬೋಲ್ಟ್ ಹಾಕುವಂತಿಲ್ಲ ಎನ್ನುತ್ತಾರೆ. ಹಾಗಿದ್ದರೆ ಹಿಡಿಕೆ ಇರುವ ಎರಡು ಸಣ್ಣ ಪೆಟ್ಟಿಗೆ ಮಾಡಿಸಿ, ಬೆಲ್ಟಿನಿಂದ ಕೊಕ್ಕೆಗೆ ಬಿಗಿಯಲಿ. ಯಾವ ಗಾಡಿಗಾದರೂ ಸಾಗುತ್ತದೆ. ಕಳ್ಳತನವಾಗುತ್ತದೆ ಎನ್ನುತ್ತಾರೆ. ಬೀಗ ಹಾಕಿದ ಪೆಟ್ಟಿಗೆಗಿಂತ ತೆರೆದ ತೊಟ್ಟಿ ಕಳ್ಳನಿಗೆ ಕಷ್ಟವೇ? ಹೈಡ್ರಾಲಿಕ್ ಬುಟ್ಟಿಯ ಗಾಡಿ ಬಂದರೆ ಇದೆಲ್ಲ ಬೇಡ ಎನ್ನುವವರೂ ಇದ್ದಾರೆ. ತಂತಿಗಳು ಹೆಣೆದುಕೊಂಡ ಹಳೆಯ ಗಲ್ಲಿಗಳಲ್ಲಿ ಆ ಗಾಡಿ ತಿರುಗುವುದಿಲ್ಲ. ತಿರುಗಿದರೂ ಬುಟ್ಟಿಯಲ್ಲಿ ನಿಂತವನ ಕೈಗೆ ಬೇಕಾದದ್ದು ಅದೇ ಹರಿತವಾದ ಗರಗಸ.

ಒಂದು ಆಕ್ಷೇಪ ಮಾತ್ರ ನಿಜ. ಪೆಟ್ಟಿಗೆ ತೊಟ್ಟಿಯ ಐದನೇ ಒಂದು ಭಾಗವನ್ನು ತಿನ್ನುತ್ತದೆ, ಕೊಂಬೆ ಸಾಗಿಸಲು ಹೆಚ್ಚು ಟ್ರಿಪ್ ಬೇಕು. ಲೋಡಿನ ಲೆಕ್ಕದಲ್ಲಿ ಹಣ ಎಣಿಸುವ ತನಕ ಇದು ಗುತ್ತಿಗೆದಾರನಿಗೆ ನಷ್ಟವೇ. ಹಾಗಾದರೆ ಬದಲಾಗಬೇಕಾದದ್ದು ಲೆಕ್ಕ. ಸಾಗಿಸಿದ ಸೊಪ್ಪಿಗೆ ಹಣ ಕೊಡುವ ಪಾಲಿಕೆ ಸೊಪ್ಪನ್ನೇ ಪಡೆಯುತ್ತದೆ. ಸರಿಯಾಗಿ ಸವರಿದ ಮರಕ್ಕೆ ಹಣ ಕೊಟ್ಟರೆ ಮರ ಉಳಿಯುತ್ತದೆ. ಹೈದರಾಬಾದಿನದಿರಲಿ, ಬೆಂಗಳೂರು, ಕಲಬುರಗಿಯದಿರಲಿ, ಮರ ಸವರುವ ಪ್ರತಿ ಟೆಂಡರಿನಲ್ಲೂ ಒಂದು ಸಾಲು ಇರಬೇಕು: ಹಗ್ಗಕ್ಕೆ ಒಣ ಪೆಟ್ಟಿಗೆ, ಇಂಧನಕ್ಕೆ ಬೇರೆ ಗೂಡು ಇಲ್ಲದ ಗಾಡಿ ಕೆಲಸಕ್ಕೆ ಬರುವಂತಿಲ್ಲ.

ಆ ಸಾಲು ಬರುವ ತನಕ ಮನೆಯ ಮುಂದಿನ ಬೇವಿನ ಮರ ಸವರಿಸುವವರು ಒಂದು ಕೆಲಸ ಮಾಡಬಹುದು. ಕೂಲಿ ಎಷ್ಟು ಎಂದು ಕೇಳುವ ಮುಂಚೆ ಗಾಡಿಯ ಹಿಂದೆ ಹೋಗಿ ಹಗ್ಗ ಎಲ್ಲಿದೆ ಎಂದು ನೋಡಲಿ. ಅದು ಸೊಪ್ಪಿನ ಅಡಿಯಲ್ಲಿದ್ದರೆ ಅದನ್ನು ತೆಗೆಸಿ, ಒರೆಸಿ, ಪರೀಕ್ಷಿಸಿ ಕಟ್ಟಿಕೊಳ್ಳುವ ತನಕ ಯಾರನ್ನೂ ಮರ ಹತ್ತಿಸಬಾರದು. ಆ ಹೊತ್ತಿಗೂ ಕೂಲಿ ಕೊಡಬೇಕು.