ಓದಲಾಗದ ಎಚ್ಚರಿಕೆ ಯಾರಿಗಾಗಿ?

ಕನ್ನಡದ ತರುಣರೇ,

2020ರ ಜನವರಿಯಿಂದ 2021ರ ಫೆಬ್ರವರಿವರೆಗೆ ತಯಾರಾದ 29,878 ಪಿಕಪ್ ಗಾಡಿಗಳನ್ನು ಮಹೀಂದ್ರಾ ಕಂಪನಿ 2021ರಲ್ಲಿ ತಪಾಸಣೆಗೆ ವಾಪಸು ಕರೆಯಿತು. ಫ್ಲೂಯಿಡ್ ಪೈಪ್ ಜೋಡಣೆಯಲ್ಲಿ ದೋಷದ ಶಂಕೆ, ರಿಪೇರಿ ಪುಕ್ಕಟೆ.

ತಿರ್ಲಾಪುರದ ಈರುಳ್ಳಿ, ಮೆಣಸಿನಕಾಯಿಯನ್ನು ಹುಬ್ಬಳ್ಳಿಯ ಅಮರಗೋಳ ಮಾರುಕಟ್ಟೆಗೆ ಹೊರುವುದು ಇಂಥ ಗಾಡಿಗಳೇ. ಎಚ್ಚರಿಕೆ ಇಂಗ್ಲಿಷಿನಲ್ಲಿ ಬಂದರೆ ಕನ್ನಡವಷ್ಟೇ ಬಲ್ಲ ಚಾಲಕ ಏನು ಮಾಡಬೇಕು? ಗಾಡಿ ಕೈ ಬದಲಾಗಿದ್ದರೆ ಅದು ಹಳೆಯ ಮಾಲೀಕನಿಗೇ ಹೋದೀತು!

ದೋಷದ ಗಾಡಿ ವಾಪಸು ಕರೆಸುವ ಅಧಿಕಾರವನ್ನು ಮೋಟಾರು ವಾಹನ ಕಾಯ್ದೆಯ 110ಎ ಕಲಮು ಕೇಂದ್ರಕ್ಕೆ ಕೊಟ್ಟಿದೆ. ಆ ಕರೆ ಕನ್ನಡದಲ್ಲೂ ಬರಲಿ ಎಂದು ಒತ್ತಾಯಿಸಬೇಕಾದವರು ನಾವು. ಜೀವ ಉಳಿಸುವ ಮಾತನ್ನು ನಮ್ಮ ನುಡಿಯಲ್ಲಿ ಕೇಳುವುದು ಭಿಕ್ಷೆಯಲ್ಲ, ಹಕ್ಕು!

ಅಲ್ಲಿಯವರೆಗೆ ಸುಮ್ಮನಿರಬೇಡಿ. ಊರಿಗೆ ಹೋದಾಗ ಆರ್‌ಸಿ ನೋಡಿ ಚಾಸಿ ನಂಬರ್ ಬರೆದುಕೊಳ್ಳಿ. ಅಧಿಕೃತ ಸರ್ವಿಸ್ ಕೇಂದ್ರದಲ್ಲಿ ವಿಚಾರಿಸಿ.