ನೀರುಹಕ್ಕಿಯ ಸಂಸಾರವೂ ಛಾಯಾಗ್ರಾಹಕನೂ

ಮೈಸೂರಿನ ಕುಕ್ಕರಹಳ್ಳಿ ಕೆರೆಯು ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1864ರಲ್ಲಿ, ನಿರ್ಮಾಣವಾಯಿತು. ಅಂದು ಬೇಸಾಯಕ್ಕೆ ನೀರುಣಿಸಲೆಂದು ಕಟ್ಟಿದ ಆ ಕೆರೆಯ ದಂಡೆ ಇಂದು ಸುತ್ತಮುತ್ತಲಿನ ಬಡಾವಣೆಗಳ ಜನರಿಗೆ ಮುಂಜಾನೆಯ ತಿರುಗಾಟದ ತಾಣವಾಗಿದೆ. ಇಂಥ ಕೆರೆಗಳಲ್ಲಿ ಮಳೆಗಾಲವು ಒಂದು ಸುಂದರ ನೋಟವನ್ನು ತೆರೆದಿಡುತ್ತದೆ. ಗುಳುಮುಳುಕವೆಂಬ ಪುಟ್ಟ ನೀರುಹಕ್ಕಿಯು ಮೈಮೇಲೆ ಪಟ್ಟೆಗಳುಳ್ಳ ಮರಿಗಳನ್ನು ಬೆನ್ನಿನ ಮೇಲೆ ಹೊತ್ತು ಈಜುತ್ತಿರುತ್ತದೆ. ಕೊಕ್ಕಿನ ತುದಿಯಲ್ಲಿ ಹಳದಿ ಬಣ್ಣವುಳ್ಳ ವರಟೆ ಬಾತು ತನ್ನ ಮರಿಗಳ ಸಾಲಿನೊಡನೆ ತೇಲುತ್ತ ಸಾಗುತ್ತದೆ. ಇದನ್ನು ಕಂಡವರ ಕೈ ಕ್ಯಾಮೆರಾದತ್ತ ಹೋಗುವುದು ಸಹಜ. ಈಗಂತೂ ಜೇಬಿನಲ್ಲಿರುವ ಮೊಬೈಲೇ ಕ್ಯಾಮೆರಾ ಆಗಿದೆ.

ಚಿತ್ರ ತೆಗೆದರೆ ಹಕ್ಕಿಗಾಗುವ ನಷ್ಟವೇನು ಎಂದು ಕೆಲವರು ಕೇಳುತ್ತಾರೆ. ಕ್ಯಾಮೆರಾ ಬಂದೂಕಿನಂತೆ ಪ್ರಾಣ ತೆಗೆಯುವುದಿಲ್ಲವೆಂಬ ಮಾತು ನಿಜ. ಪೂರ್ಣಚಂದ್ರ ತೇಜಸ್ವಿಯವರಂಥ ಲೇಖಕರು ತಾವೇ ತೆಗೆದ ಚಿತ್ರಗಳ ಮೂಲಕ ಕನ್ನಡಿಗರಲ್ಲಿ ಹಕ್ಕಿಗಳ ಬಗೆಗೆ ಪ್ರೀತಿಯನ್ನು ಬೆಳೆಸಿದ್ದೂ ನಿಜ. ಆದರೆ ಹಾನಿಯುಂಟಾಗುವುದು ಕ್ಯಾಮೆರಾದ ಕಣ್ಣಿನಿಂದಲ್ಲ, ಅದನ್ನು ಹಿಡಿದವನ ಕಾಲಿನಿಂದ.

ಗುಳುಮುಳುಕವು ನೀರಿನ ಮೇಲೆಯೇ ಜೊಂಡು, ಕಳೆಗಳಿಂದ ಗೂಡು ಕಟ್ಟುತ್ತದೆ. ಗೂಡನ್ನು ಬಿಟ್ಟು ಹೋಗುವಾಗ ಮೊಟ್ಟೆಗಳ ಮೇಲೆ ಕಳೆಯನ್ನು ಹೊದಿಸಿ ಹೋಗುವುದು ಅದರ ವಾಡಿಕೆ. ಯಾರಾದರೂ ಹಠಾತ್ತನೆ ಬಳಿಗೆ ನುಗ್ಗಿದರೆ ಹೊದಿಸಲು ಸಮಯವಿಲ್ಲದೆ ಅದು ಮುಳುಗಿ ಮರೆಯಾಗಬಹುದು. ಆಗ ಮೊಟ್ಟೆಗಳು ಕಾಗೆಯ ಕಣ್ಣಿಗೆ ಬೀಳುತ್ತವೆ. ಎಳೆಯ ಮರಿಗಳಿಗೆ ತಾಯ್ತಂದೆಯರ ಬೆನ್ನೇ ಬೆಚ್ಚನೆಯ ತೊಟ್ಟಿಲು. ವರಟೆಯ ಮರಿಗಳು ಬೆದರಿ ಚದುರಿದರೆ, ಗುಂಪನ್ನು ಅಗಲಿದ ಮರಿ ಹದ್ದಿಗೆ ಸುಲಭದ ತುತ್ತಾಗುತ್ತದೆ. ಅಷ್ಟರಲ್ಲಿ ಚಿತ್ರ ತೆಗೆದವನು ಮನೆ ಸೇರಿರುತ್ತಾನೆ. ಅವನ ಚಿತ್ರದಲ್ಲಿ ಆ ಮರಿ ಇನ್ನೂ ತಾಯಿಯ ಪಕ್ಕದಲ್ಲಿಯೇ ಇರುತ್ತದೆ!

1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ‘ಬೇಟೆ’ ಎಂಬ ಪದಕ್ಕೆ ಅರ್ಥ ಹೇಳುವಾಗ, ಕಾಡುಹಕ್ಕಿಗಳ ಗೂಡು ಮತ್ತು ಮೊಟ್ಟೆಗಳಿಗೆ ತೊಂದರೆ ಕೊಡುವುದನ್ನೂ ಅದರಲ್ಲಿ ಸೇರಿಸಿದೆ. ಕೈಯಲ್ಲಿ ಬಂದೂಕಿಲ್ಲದ ಮಾತ್ರಕ್ಕೆ ಮನುಷ್ಯನು ನಿರಪರಾಧಿಯಾಗಲಾರನು.

ಹಾಗೆಂದು ಕ್ಯಾಮೆರಾವನ್ನು ಮನೆಯಲ್ಲಿಯೇ ಬಿಟ್ಟು ಬರಬೇಕಾಗಿಲ್ಲ. ದಂಡೆಯ ಮೇಲೆ ಸದ್ದಿಲ್ಲದೆ ಕುಳಿತು ಕಾಯುವ ತಾಳ್ಮೆ ಬೇಕು. ತಾಯಿಹಕ್ಕಿ ಮೇಯುವುದನ್ನು ನಿಲ್ಲಿಸಿ ಕತ್ತೆತ್ತಿ ನೋಡಿದರೆ, ಅದು ಹಿಂದೆ ಸರಿಯಬೇಕೆಂಬ ಸೂಚನೆ. ಪುರಿ ಎರಚಿ ಹತ್ತಿರ ಕರೆಯುವುದಾಗಲಿ, ಕಲ್ಲೆಸೆದು ಹಕ್ಕಿಯನ್ನು ತಮ್ಮತ್ತ ತಿರುಗಿಸುವುದಾಗಲಿ ಸಲ್ಲದು. ದೂರದಿಂದ ತೆಗೆದ ಚಿತ್ರದಲ್ಲಿ ಹಕ್ಕಿ ಚಿಕ್ಕದಾಗಿ ಕಂಡರೇನು? ಅದರೊಡನೆ ಜೊಂಡು, ನೀರು, ಆಕಾಶ ಎಲ್ಲವೂ ಸೇರಿ ಅದರ ಮನೆಯೇ ಕಾಣುತ್ತದೆ.

ನೆರೆಮನೆಯ ಬಾಣಂತಿಯ ಕೋಣೆಗೆ ಹೇಳದೆ ಕೇಳದೆ ಯಾರೂ ನುಗ್ಗುವುದಿಲ್ಲ. ಕೆರೆಯ ಜೊಂಡಿನ ಮರೆಯೂ ಒಂದು ಬಾಣಂತಿಯ ಕೋಣೆಯೇ. ಆ ಮರ್ಯಾದೆಯನ್ನು ಹಕ್ಕಿಗೂ ಸಲ್ಲಿಸಬಲ್ಲವನೇ ನಿಜವಾದ ಛಾಯಾಗ್ರಾಹಕ.